350 ಪದಗಳಲ್ಲಿ ನಾನು ಯಾರು?

ಸಿಇಟಿ ಅರ್ಜಿ ತುಂಬಿದ ದಿನ ಚೆನ್ನಾಗಿ ನೆನಪಿದೆ. ಸೈಬರ್ ಸೆಂಟರ್‌ನಲ್ಲಿ ಅಪ್ಪ ಫೈಲ್ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಹೆಸರು, ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆದಾಯ, ಎಷ್ಟು ವರ್ಷ ಕನ್ನಡ ಮಾಧ್ಯಮ, ಎಷ್ಟು ವರ್ಷ ಗ್ರಾಮೀಣ ಶಾಲೆ, ಎಲ್ಲವನ್ನೂ ಕೇಳಿದರು. ಆಮೇಲೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತಕ್ಕೆ ತಲಾ 60ರಂತೆ 180 ಅಂಕಗಳ ಪರೀಕ್ಷೆ. ಪಿಯುಸಿ ಅಂಕದ ಅರ್ಧ, ಸಿಇಟಿ ಅಂಕದ ಅರ್ಧ ಸೇರಿ ಒಂದು ರ್‍ಯಾಂಕ್ ಬಂತು, ರ್‍ಯಾಂಕ್ ಒಂದು ಕಾಲೇಜು ಕೊಟ್ಟಿತು. ‘ನೀನು ಯಾರಮ್ಮಾ, ಎಂಥವಳು?’ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು ಅಂತ ಆಗ ಅನಿಸಿತ್ತು.

ಆ ಪ್ರಶ್ನೆ ಮೊದಲ ಸಲ ಎದುರಾದದ್ದು ಐದನೇ ಸೆಮಿಸ್ಟರ್‌ನಲ್ಲಿ, ಒಂದು ಇಂಟರ್ನ್‌ಶಿಪ್ ಅರ್ಜಿಯಲ್ಲಿ. ‘ನೀವು ಎದುರಿಸಿದ ಒಂದು ಸವಾಲಿನ ಬಗ್ಗೆ 200 ಪದ ಮೀರದಂತೆ ಬರೆಯಿರಿ’ ಎಂದಿತ್ತು. ಸೀನಿಯರ್ ಒಬ್ಬರು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ್ದ ಉತ್ತರವನ್ನೇ ಅಲ್ಲಿ ಇಲ್ಲಿ ತಿದ್ದಿ ಅಂಟಿಸಿದೆ. ಕಾಲೇಜು ಉತ್ಸವದ ದಿನ ತಂಡದವರು ಕೈಕೊಟ್ಟರೂ ಕಾರ್ಯಕ್ರಮವನ್ನು ಒಬ್ಬಳೇ ನಡೆಸಿಕೊಟ್ಟ ವೀರಗಾಥೆ ಅದು. ಸಂದರ್ಶನದಲ್ಲಿ ಮೇಡಂ ಒಬ್ಬರು ಅದನ್ನು ಓದಿ, ‘ಅವತ್ತು ನೀವು ಮೊದಲು ಯಾರಿಗೆ ಫೋನ್ ಮಾಡಿದಿರಿ?’ ಎಂದರು. ಕೇಳಿದ್ದು ಅಷ್ಟೇ. ನನ್ನ ಬಾಯಿ ಒಣಗಿತು. ಯಾರಿಗೂ ಮಾಡಿರಲಿಲ್ಲವಲ್ಲ! ಇಂಟರ್ನ್‌ಶಿಪ್ ಸಿಗಲಿಲ್ಲ.

ಇದಾಗಿ ಎರಡು ವಾರಕ್ಕೆ ಅಮೆರಿಕದಿಂದ ಚಿಕ್ಕಪ್ಪ ಫೋನ್ ಮಾಡಿದರು. ಅವರ ಮಗ, ಅಂದರೆ ನನ್ನ ತಮ್ಮ, ಸ್ಯಾನ್ ಹೋಸೆಯಲ್ಲಿ 12ನೇ ತರಗತಿ. ‘ಯೂನಿವರ್ಸಿಟಿ ಅರ್ಜಿಗೆ ಏನೋ ಬರೀಬೇಕಂತೆ. ನಾನು ಕೇಳಿದರೆ ಬಾಗಿಲು ಹಾಕ್ಕೋತಾನೆ. ನೀನಾದರೂ ಮಾತಾಡು’ ಎಂದರು. ಆ ವಿಷಯದಲ್ಲಿ ನನ್ನ ಸಾಧನೆ ಅವರಿಗೆ ಗೊತ್ತಿರಲಿಲ್ಲ. ಹೂಂ ಎಂದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬರ್ಕ್ಲಿ, ಲಾಸ್ ಏಂಜಲೀಸ್, ಡೇವಿಸ್ ಸೇರಿದಂತೆ ಪದವಿ ತರಗತಿಗಳಿರುವ ಒಂಬತ್ತು ಕ್ಯಾಂಪಸ್‌ಗಳಿವೆ. ಎಲ್ಲಕ್ಕೂ ಒಂದೇ ಅರ್ಜಿ. ಅಂಕಗಳ ಜೊತೆಗೆ ಅದರಲ್ಲಿ ಎಂಟು ಸಣ್ಣ ಪ್ರಶ್ನೆಗಳಿರುತ್ತವೆ. ಯಾವುದಾದರೂ ನಾಲ್ಕಕ್ಕೆ ಉತ್ತರಿಸಬೇಕು, ಒಂದೊಂದೂ 350 ಪದ ಮೀರುವಂತಿಲ್ಲ. ಮುಂದಾಳತ್ವ ವಹಿಸಿದ ಸಂದರ್ಭ ಯಾವುದು, ನಿನ್ನ ಸೃಜನಶೀಲತೆ ಯಾವುದರಲ್ಲಿ ಕಾಣುತ್ತದೆ, ಬೆಳೆಸಿಕೊಂಡ ಪ್ರತಿಭೆ ಯಾವುದು, ಓದಿನಲ್ಲಿ ಸಿಕ್ಕ ಅವಕಾಶ ಅಥವಾ ಎದುರಾದ ಅಡ್ಡಿ, ಬದುಕಿನ ದೊಡ್ಡ ಸವಾಲು, ಮೆಚ್ಚಿನ ವಿಷಯ, ಶಾಲೆಗೋ ಊರಿಗೋ ನಿನ್ನಿಂದ ಆದ ಉಪಯೋಗ, ಇನ್ನು ಹೇಳಬೇಕಾದದ್ದೇನಾದರೂ ಉಳಿದಿದೆಯೇ. ಯಾವ ನಾಲ್ಕನ್ನು ಆರಿಸಿದರೂ ತೂಕ ಒಂದೇ. ಎಸ್‌ಎಟಿ ಅಂಕವನ್ನು ಪ್ರವೇಶಕ್ಕೆ ಈಗ ಅವರು ಪರಿಗಣಿಸುವುದೇ ಇಲ್ಲ. ಹಾಗಾಗಿ ಈ ಉತ್ತರಗಳನ್ನು ಅಲ್ಲಿನ ಮಕ್ಕಳು ನಾವು ಸಿಇಟಿಗೆ ಹೆದರಿದ ಹಾಗೆಯೇ ಹೆದರಿಕೊಂಡು ಬರೆಯುತ್ತಾರೆ.

ನಮ್ಮಲ್ಲಿ ಬೆಳಗ್ಗೆ ಏಳು, ಅವನಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ವಿಡಿಯೊ ಕಾಲ್‌ನಲ್ಲಿ ಅವನು ತೋರಿಸಿದ ಮೊದಲ ಕರಡು ಓದಿ ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು. ‘ದೊಡ್ಡ ಸವಾಲು’ ಪ್ರಶ್ನೆಗೆ ಅವನು ನಮ್ಮ ಅಜ್ಜನ ಸಾವನ್ನು ಬರೆದಿದ್ದ. ಅಜ್ಜ ಹೋದಮೇಲೆ ತಾನು ಕುಸಿದುಹೋದೆ, ಅಂಕ ಇಳಿಯಿತು, ಅಜ್ಜನ ಮಾತು ನೆನೆದು ಮತ್ತೆ ಎದ್ದೆ ಎಂದು. ಅವನು ಅಜ್ಜನನ್ನು ನೋಡಿದ್ದೇ ಎರಡು ಸಲ. ಅಂಕವೂ ಇಳಿದಿರಲಿಲ್ಲ. ಕೊನೆಯ ದಿನ ಅಜ್ಜನ ಬಾಯಿಗೆ ನೀರು ಬಿಟ್ಟವಳು ನಾನು.

‘ಇದು ಯಾರು ಹೇಳಿಕೊಟ್ಟಿದ್ದೋ?’

‘ಕೌನ್ಸೆಲರ್, ಅಕ್ಕ. ಡ್ಯಾಡಿ ದುಡ್ಡು ಕೊಟ್ಟು ಇಟ್ಟಿದ್ದಾರೆ. ಕಷ್ಟ ಇರಬೇಕಂತೆ. ನನಗೆ ಕಷ್ಟ ಇಲ್ಲವಲ್ಲ.’

ಬೈಯಬೇಕು ಅನಿಸಿತು. ಆದರೆ ನಾನು ಯಾವ ಬಾಯಲ್ಲಿ ಬೈಯಲಿ? ಅವನೇ ಕೇಳಿದ, ‘ನೀನು ಏನು ಬರೆದಿದ್ದೆ, ಅಕ್ಕ?’ ವಾಟ್ಸ್‌ಆ್ಯಪ್ ಕಥೆ ಹೇಳಿದೆ. ನಕ್ಕ. ನಿಜವಾಗಿ ಏನು ಬರೆಯಬಹುದಿತ್ತು ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರಿಗೂ ಹೇಳದಿದ್ದದ್ದನ್ನು ಹೇಳಿದೆ. ಮೊದಲ ಸೆಮಿಸ್ಟರ್‌ನ ಗಣಿತದಲ್ಲಿ ನಾನು ಫೇಲಾಗಿದ್ದೆ. ಮನೆಯಲ್ಲಿ ‘ಎಲ್ಲಾ ಕ್ಲಿಯರ್’ ಅಂದಿದ್ದೆ. ಬ್ಯಾಕ್ ಪರೀಕ್ಷೆಯ ಶುಲ್ಕವನ್ನು ಬಸ್ ಪಾಸಿನ ನೆಪ ಹೇಳಿ ಪಡೆದಿದ್ದೆ. ಹಾಸ್ಟೆಲ್‌ನ ಜೂನಿಯರ್‌ಗಳು ಬರುವಷ್ಟರಲ್ಲಿ ಎದ್ದು, ಬೆಳಗಿನ ಜಾವ ಮೆಸ್‌ನ ಮೇಜಿನ ಮೇಲೆ ಲೆಕ್ಕ ಮಾಡಿ ಪಾಸಾಗಿದ್ದೆ.

ಅವನು ನಗಲಿಲ್ಲ. ‘ನನಗೆ ನನ್ನ ಹೆಸರು ಹೇಳೋಕೆ ಬರಲ್ಲ, ಅಕ್ಕ’ ಎಂದ.

ಅವನಿಗೆ ಉಗ್ಗು ಇದೆ ಎಂದು ನಮಗೆಲ್ಲ ಗೊತ್ತಿತ್ತು. ಆ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ ಅಷ್ಟೇ. ಅವನ ಹೆಸರು ‘ಪ್ರ’ದಿಂದ ಶುರುವಾಗುತ್ತದೆ. ಶಾಲೆಯ ಮೊದಲ ದಿನ ಎಲ್ಲರೂ ಎದ್ದು ಹೆಸರು ಹೇಳುವಾಗ ಇವನು ಬಾತ್‌ರೂಮಿಗೆ ಹೋಗುತ್ತಿದ್ದನಂತೆ. ಕಾಫಿ ಅಂಗಡಿಯಲ್ಲಿ ಲೋಟದ ಮೇಲೆ ಬರೆಯಲು ಹೆಸರು ಕೇಳಿದರೆ ‘ಅಲೆಕ್ಸ್’ ಎನ್ನುತ್ತಾನಂತೆ. ‘ಅದು ಬೇಗ ಬರತ್ತೆ’ ಎಂದ. ಕಷ್ಟ ಇಲ್ಲ ಎಂದು ಐದು ನಿಮಿಷದ ಹಿಂದೆ ಹೇಳಿದ್ದವನು ಇವನೇ!

ಅವನ ಇನ್ನೊಂದು ಮಾತು ನನಗೆ ಹೊಸದು. ಅಲ್ಲಿ ವಾರಾಂತ್ಯದ ಕನ್ನಡ ಶಾಲೆಯಲ್ಲಿ ಅವನು ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಲು ನೆರವಾಗುತ್ತಾನೆ. ಮಕ್ಕಳ ಜೊತೆ ಸೇರಿ ‘ಪ, ಫ, ಬ, ಭ, ಮ’ ಎಂದು ಒಟ್ಟಿಗೆ ಹೇಳುವಾಗ ಉಗ್ಗು ಬರುವುದೇ ಇಲ್ಲವಂತೆ. ಹಲವರು ಒಟ್ಟಿಗೆ ಓದುವಾಗ, ಹಾಡುವಾಗ ಉಗ್ಗು ಬಹುಮಟ್ಟಿಗೆ ನಿಲ್ಲುವುದು ಉಗ್ಗುವ ತುಂಬಾ ಜನರ ಅನುಭವ. ಒಬ್ಬನೇ ಇದ್ದಾಗ ಬಾರದ ‘ಪ’ ಹತ್ತು ಮಕ್ಕಳ ನಡುವೆ ಸಲೀಸಾಗಿ ಬರುತ್ತದೆ. ಅದಕ್ಕೇ ಅವನು ಒಂದು ಶನಿವಾರವೂ ತಪ್ಪಿಸಿಲ್ಲ.

‘ಇದನ್ನೇ ಬರಿ’ ಎಂದೆ.

ಬರೆಯುವುದು ಅಷ್ಟು ಸುಲಭವಾಗಲಿಲ್ಲ. ಮೊದಲ ಸಲ 700 ಪದ ಆಯಿತು. ಉಗ್ಗಿನ ಬಗ್ಗೆ ವಿಜ್ಞಾನದ ಪ್ರಬಂಧವೇ ಬಂದಿತ್ತು. ಅದನ್ನು ತೆಗೆಸಿದೆ. ‘ಸವಾಲುಗಳೇ ಬದುಕಿನ ಮೆಟ್ಟಿಲು’ ಎಂಬ ಸಾಲು ತೆಗೆಸಿದೆ. ಪ್ರತಿ ವಾಕ್ಯಕ್ಕೂ ಸಂದರ್ಶನದ ಆ ಮೇಡಂ ಕೇಳಿದಂತೆಯೇ ಕೇಳಿದೆ: ಎಲ್ಲಿ? ಯಾವಾಗ? ಆಮೇಲೆ ನೀನು ಏನು ಮಾಡಿದೆ? ಉತ್ತರ ಇಲ್ಲದ ವಾಕ್ಯಗಳೆಲ್ಲ ಬಿದ್ದುಹೋದವು. ಉಳಿದದ್ದು 340 ಪದ. ಇನ್ನೂ ಒಂದು ವಿಷಯ ಅವನಿಗೆ ಹೇಳಿದೆ. ಆ ವಿಶ್ವವಿದ್ಯಾಲಯದವರು ಉತ್ತರಗಳು ನಕಲೇ ಎಂದು ಪರೀಕ್ಷಿಸುತ್ತಾರೆ, ಕೆಲವು ಅರ್ಜಿದಾರರಿಂದ ಬರೆದದ್ದಕ್ಕೆ ದಾಖಲೆಯನ್ನೂ ಕೇಳುತ್ತಾರೆ. ಸುಳ್ಳು ಬರೆದರೆ ಅದನ್ನು ನೆನಪಿಟ್ಟುಕೊಳ್ಳುವ ಕೆಲಸವೂ ನಮ್ಮದೇ.

ಕಳಿಸುವ ಮುನ್ನ ಚಿಕ್ಕಪ್ಪನಿಗೆ ತೋರಿಸಬೇಕಿತ್ತು. ಅವರು ಓದಿ ಏನೂ ಅನ್ನಲಿಲ್ಲವಂತೆ. ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋದರಂತೆ. ತಮ್ಮ ಗಾಬರಿಯಿಂದ ನನಗೆ ಫೋನ್ ಮಾಡಿದ. ಅರ್ಧ ಗಂಟೆ ಬಿಟ್ಟು ಬಂದವರು ‘ಅಲೆಕ್ಸ್ ಅಂತ ಯಾಕೋ ಹೇಳ್ತೀಯ, ನಾವೆಲ್ಲ ನಿಲ್ತೀವಿ, ಎಷ್ಟು ಹೊತ್ತಾದರೂ ನೀನು ನಿನ್ನ ಹೆಸರೇ ಹೇಳು’ ಅಂದರಂತೆ. ಕೌನ್ಸೆಲರ್ ಮಾತ್ರ ಅಜ್ಜನ ಕಥೆಯೇ ಬಲವಾಗಿತ್ತು ಎಂದರಂತೆ. ನವೆಂಬರ್ ಕೊನೆಯಲ್ಲಿ ಅರ್ಜಿ ಹೋಯಿತು, ಅಜ್ಜನಿಲ್ಲದೆ. ಫಲಿತಾಂಶ ಮಾರ್ಚ್‌ನಲ್ಲಿ. ಸೀಟು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ.

ಅವರ ಪದ್ಧತಿ ಮೇಲು, ನಮ್ಮದು ಕೀಳು ಎಂದು ನಾನು ಹೇಳುತ್ತಿಲ್ಲ. ಕಥೆ ಹೆಣೆದುಕೊಡುವವರನ್ನು ದುಡ್ಡು ಕೊಟ್ಟು ಇಟ್ಟುಕೊಳ್ಳಲು ನನ್ನ ಅಪ್ಪನಿಗೆ ಆಗುತ್ತಿರಲಿಲ್ಲ. ಯಾರ ಮಗಳು ಎಂದು ನೋಡದೆ ರ್‍ಯಾಂಕ್ ಒಂದನ್ನೇ ನೋಡಿ ಸೀಟು ಕೊಟ್ಟದ್ದಕ್ಕೆ ನಾನು ಇಲ್ಲಿದ್ದೇನೆ. ಆದರೆ ಕಾಲೇಜು ದಾಟುವ ಹೊತ್ತಿಗೆ ಆ ಪ್ರಶ್ನೆ ಬಂದೇ ಬರುತ್ತದೆ. ಪ್ಲೇಸ್‌ಮೆಂಟ್‌ನಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಅನ್ನುತ್ತಾರೆ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ಎಂಎಸ್ ಅರ್ಜಿಯಲ್ಲಿ ಕೇಳುತ್ತಾರೆ. ಹನ್ನೆರಡು ವರ್ಷ ಐದು ಅಂಕದ ಪ್ರಶ್ನೆಗೆ ಗೈಡ್ ನೋಡಿ ಬರೆದ ನಮಗೆ ಇದಕ್ಕೂ ಒಂದು ಗೈಡ್ ಇರುತ್ತದೆ ಅನಿಸುತ್ತದೆ. ಇದಕ್ಕೆ ಗೈಡ್ ಇಲ್ಲ. ನಡೆದದ್ದನ್ನು ಒಬ್ಬ ಗೆಳತಿಗೆ ಬಾಯಲ್ಲಿ ಹೇಳಿ ನೋಡಿ. ಅವಳು ಎಲ್ಲಿ ಮೊಬೈಲ್ ಪಕ್ಕಕ್ಕಿಟ್ಟು ಕೇಳುತ್ತಾಳೋ ಅಲ್ಲಿಂದ ಬರೆಯಲು ಶುರುಮಾಡಿ.

ಕಳೆದ ವಾರ ಇನ್ನೊಂದು ಇಂಟರ್ನ್‌ಶಿಪ್ ಅರ್ಜಿ ತುಂಬಿದೆ. ಈ ಸಲ ಗಣಿತದ ಬ್ಯಾಕ್ ಬಗ್ಗೆ ಬರೆದೆ, ಮೆಸ್‌ನ ಮೇಜು, ಬೆಳಗಿನ ಜಾವ ಎಲ್ಲ ಸೇರಿಸಿ. ಸಂದರ್ಶನದಲ್ಲಿ ಏನು ಕೇಳಿದರೂ ಹೇಳಬಲ್ಲೆ. ಈ ಬರಹ ತಮ್ಮನ ಒಪ್ಪಿಗೆ ಪಡೆದೇ ಬರೆದದ್ದು. ಅಮ್ಮ ಈ ಪುಟವನ್ನು ತಪ್ಪದೆ ಓದುತ್ತಾಳೆ. ಹಾಗಾಗಿ ಪತ್ರಿಕೆಗೆ ಕಳಿಸುವ ಮೊದಲೇ ಮನೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ‘ಬಸ್ ಪಾಸಿಗೆ ಅಷ್ಟು ದುಡ್ಡು ಯಾಕೆ ಅಂತ ಆಗಲೇ ಅನಿಸಿತ್ತು’ ಎಂದಳು ಅಮ್ಮ.