ಕೂಡಿಸಿದ ದಿನಗಳ ಕೂಲಿ

ಕಾಯಿಲೆಯಾದವನು ಮನೆಯಲ್ಲಿ ಮಲಗುವುದು ಒಂದು ಮಾತು. ಕಾಯಿಲೆ ಹರಡೀತೆಂಬ ಶಂಕೆಯಿಂದ ಗಟ್ಟಿಮುಟ್ಟಾಗಿರುವವನನ್ನು ಮನೆಯಲ್ಲಿ ಕೂಡಿಸುವುದು ಮತ್ತೊಂದು ಮಾತು. ಮೊದಲನೆಯದು ವೈದ್ಯರ ಸಲಹೆ, ಎರಡನೆಯದು ಸರ್ಕಾರದ ಆಜ್ಞೆ. ಹಿಂದೆ ವೆನಿಸ್ ನಗರದಲ್ಲಿ ಪ್ಲೇಗಿಗೆ ಹೆದರಿ ಹಡಗುಗಳನ್ನು ನಲವತ್ತು ದಿನ ಬಂದರಿನ ಹೊರಗೇ ತಡೆಯುತ್ತಿದ್ದರು. ನಲವತ್ತು ಎಂಬರ್ಥದ ಅಲ್ಲಿನ ಮಾತಿನಿಂದಲೇ ಕ್ವಾರಂಟೈನ್ ಎಂಬ ಹೆಸರು ಹುಟ್ಟಿತು. ನಮ್ಮ ಹಿರಿಯರೂ ಪ್ಲೇಗಿನ ಕಾಲದಲ್ಲಿ ಊರು ತೆರವು ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದವರೇ. ಆ ದಿನಗಳ ಕೂಲಿಯನ್ನು ಕೊಡುವವರು ಯಾರು ಎಂಬ ಪ್ರಶ್ನೆಯನ್ನು ಆಗ ಯಾರೂ ಕೇಳಿದಂತಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಆ ಪ್ರಶ್ನೆ ಮನೆಮನೆಯ ಬಾಗಿಲಿಗೆ ಬಂತು.

ನಾನು ಸಿರುಗುಪ್ಪ ತಾಲ್ಲೂಕಿನ ದೇಶನೂರಿನವನು. ತುಂಗಭದ್ರೆಯ ನೀರಿನಿಂದ ಬತ್ತ ಬೆಳೆಯುವ ಸೀಮೆ ನಮ್ಮದು. ಸಕ್ಕರೆ ಕಾರ್ಖಾನೆ ಬಂದ ಊರು. ಆ ವರ್ಷ ಮುಂಗೈಗೆ ಮುದ್ರೆ, ಬಾಗಿಲಿಗೆ ಚೀಟಿ, ಹದಿನಾಲ್ಕು ದಿನದ ವಾಸ ಎಂಬುದೆಲ್ಲ ಎಲ್ಲರಿಗೂ ಪರಿಚಿತವಾಯಿತು. ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸೋಂಕು ಹರಡಿದಾಗ ಸಾವಿರಾರು ನೌಕರರು ಮನೆಯಲ್ಲೇ ಉಳಿಯಬೇಕಾಯಿತು. ನಮ್ಮ ಕಡೆಯ ಗಿರಣಿಗಳಲ್ಲಿ ದುಡಿಯುವ ಒಬ್ಬಿಬ್ಬರು ಕಾಗದ ಹಿಡಿದುಕೊಂಡು ಬಂದು, "ಸರ, ಇದನ್ನೊಂದಿಷ್ಟು ಓದಿ ಹೇಳ್ರಿ, ನಮಗೇನಾದ್ರೂ ಬರ್ತದೇನು?" ಎಂದು ಕೇಳುತ್ತಿದ್ದರು. ಅವರಿಗೆ ಹೇಳಿದ್ದನ್ನೇ ಕೇಳುಗರಿಗೂ ಹೇಳುತ್ತೇನೆ.

ಖಾಸಗಿ ದುಡಿಮೆಯವರಿಗೆ ಕಾಯಿಲೆಯ ದಿನಗಳಲ್ಲಿ ಹಣ ಕೊಡುವ ದೊಡ್ಡ ವ್ಯವಸ್ಥೆಯೆಂದರೆ ಕಾರ್ಮಿಕ ರಾಜ್ಯ ವಿಮಾ ಯೋಜನೆ, ಜನರ ಬಾಯಲ್ಲಿ ಇ.ಎಸ್.ಐ. 1948ರ ಕಾಯಿದೆಯಿಂದ ಹುಟ್ಟಿ, 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಇದು ಮೊದಲಾಯಿತು. ಹತ್ತು ಮಂದಿ ಅಥವಾ ಹೆಚ್ಚು ಮಂದಿ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಪಡೆಯುವವರಿಗೆ 2020ರಲ್ಲಿ ಇದು ಅನ್ವಯಿಸುತ್ತಿತ್ತು. ನೂರು ರೂಪಾಯಿ ಸಂಬಳಕ್ಕೆ ನೌಕರನಿಂದ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ ವಂತಿಗೆ. ಕಾಯಿಲೆ ಬಿದ್ದರೆ ಸರಾಸರಿ ದಿನಗೂಲಿಯ ನೂರಕ್ಕೆ ಎಪ್ಪತ್ತು ಪಾಲು, ವರ್ಷದಲ್ಲಿ ಹೆಚ್ಚೆಂದರೆ 91 ದಿನ.

ಇಲ್ಲೊಂದು ಲೆಕ್ಕವಿದೆ. ಇಂದಿನ ಕಾಯಿಲೆಗೆ ಹಣ ಬರುವುದು ಇಂದಿನ ದುಡಿಮೆಯಿಂದಲ್ಲ, ಹಿಂದೆ ದುಡಿದದ್ದರಿಂದ. 2020ರ ಜುಲೈಯಲ್ಲಿ ಮಲಗಿದವನ ಪಾಲಿಗೆ ನೋಡುವುದು 2019ರ ಅಕ್ಟೋಬರಿನಿಂದ 2020ರ ಮಾರ್ಚಿನವರೆಗಿನ ಹಾಜರಿಯನ್ನು. ಆ ಆರು ತಿಂಗಳಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ಮೇ ತಿಂಗಳಲ್ಲಿ ಮಲಗಿದವನಿಗಾದರೆ ಇನ್ನೂ ಹಿಂದಕ್ಕೆ, 2019ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಹೋಗಬೇಕು. ಸಾಮಾನ್ಯವಾಗಿ ಮೊದಲ ಎರಡು ದಿನಗಳಿಗೆ ಹಣವಿಲ್ಲ. ದಿನಕ್ಕೆ ಸರಾಸರಿ 400 ರೂಪಾಯಿ ಗಳಿಸುವ ಹಮಾಲ ಹದಿನಾಲ್ಕು ದಿನ ಮನೆಯಲ್ಲಿದ್ದರೆ ಹನ್ನೆರಡು ದಿನಕ್ಕೆ 280ರಂತೆ 3,360 ರೂಪಾಯಿ. ಸಣ್ಣ ಮೊತ್ತವೆನಿಸಬಹುದು, ಕಿರಾಣಿ ಅಂಗಡಿಯ ಸಾಲದ ಪುಸ್ತಕ ಬಲ್ಲವರಿಗೆ ಹಾಗೆನಿಸದು. ಗುತ್ತಿಗೆದಾರನ ಮೂಲಕ ಬಂದವರಿಗೂ ಈ ಹಕ್ಕುಂಟು. ವಂತಿಗೆ ಕಟ್ಟುವ ಹೊಣೆ ಮೊದಲು ಗಿರಣಿಯ ಮಾಲೀಕನದೇ. ಮೇಸ್ತ್ರಿಯ ಕಡೆ ಬೆರಳು ತೋರಿಸಿದರೆ ಅವನ ಹೊಣೆ ತಪ್ಪುವುದಿಲ್ಲ.

ಅರ್ಜಿಯ ಮಾತಿಗೆ ಬರೋಣ. ಬೇಕಾದುದು ಇ.ಎಸ್.ಐ. ವೈದ್ಯರ ಪ್ರಮಾಣಪತ್ರ, ವಿಮಾ ಸಂಖ್ಯೆ, ಬ್ಯಾಂಕ್ ಖಾತೆ. ಆದರೆ ಸೋಂಕಿನ ಪರೀಕ್ಷೆ ನಡೆದದ್ದು ಸರ್ಕಾರಿ ಆಸ್ಪತ್ರೆಯಲ್ಲಿ. ಮುದ್ರೆ ಒತ್ತಿದವರು ಆರೋಗ್ಯ ಇಲಾಖೆಯವರು. ರೋಗಿ ಹೊರಗೆ ಕಾಲಿಡುವಂತಿಲ್ಲ. ಬೇರೆ ಪುರಾವೆಯನ್ನೂ ಸಂದರ್ಭ ನೋಡಿ ಒಪ್ಪಬಹುದೆಂದು ಯೋಜನೆಯ ನಿಯಮಗಳಲ್ಲೇ ಇದೆ. ಆದುದರಿಂದ ಪರೀಕ್ಷೆಯ ವರದಿ, ಬಿಡುಗಡೆಯ ಚೀಟಿ, ಬಾಗಿಲಿಗೆ ಅಂಟಿಸಿದ ಕಾಗದ, ಯಾವುದನ್ನೂ ಹರಿದು ಬಿಸಾಡಬಾರದೆಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಹಣ ಪಡೆಯುವ ಕಾಯಿಲೆಯ ಅವಧಿಯಲ್ಲಿ ಮಾಲೀಕನು ಕೆಲಸದಿಂದ ತೆಗೆಯುವಂತಿಲ್ಲ ಎಂಬುದೂ ಕಾಯಿದೆಯ ಮಾತೇ.

ಸೋಂಕು ತಗಲದೆ, ಪಕ್ಕದ ಮನೆಯ ಸೋಂಕಿನಿಂದ ಕೂಡಿಹಾಕಲ್ಪಟ್ಟವನ ಗತಿ? ಕಾಯಿದೆಯ ಕಣ್ಣಿಗೆ ಕಾಯಿಲೆಯೆಂದರೆ ಚಿಕಿತ್ಸೆ ಬೇಡುವ, ಕೆಲಸದಿಂದ ದೂರವಿರಿಸುವ ಸ್ಥಿತಿ. ಆರೋಗ್ಯವಂತನಿಗೆ ಚಿಕಿತ್ಸೆಯೇ ಬೇಡ! 2020ರ ಮಾರ್ಚಿನಲ್ಲಿ ರಾಜ್ಯದ ಕಾರ್ಮಿಕ ಇಲಾಖೆ 28 ದಿನಗಳ ಸವೇತನ ರಜೆ ಕೊಡಬೇಕೆಂದು ಹೇಳಿದ್ದೂ ಸೋಂಕಿತರ ವಿಷಯದಲ್ಲಿ. ಲಾಕ್‌ಡೌನಿನಲ್ಲಿ ಪೂರ್ತಿ ಸಂಬಳ ಕೊಡಿರೆಂಬ ಕೇಂದ್ರದ ಮಾರ್ಚ್ 29ರ ಆಜ್ಞೆ ಮೇ ತಿಂಗಳಲ್ಲಿ ನಿಂತುಹೋಯಿತು. ಸರ್ಕಾರಿ ನೌಕರರ ವಿಷಯ ಬೇರೆ. ಕೇಂದ್ರ ಸರ್ಕಾರದ ನೌಕರನು ಸೋಂಕಿತರ ಸಂಪರ್ಕಕ್ಕೆ ಬಂದು ಮನೆಯಲ್ಲಿ ಉಳಿದರೆ ಏಳು ದಿನ ಕರ್ತವ್ಯದಲ್ಲಿದ್ದಂತೆ ಭಾವಿಸಬೇಕೆಂದು 2021ರ ಜೂನಿನ ಸುತ್ತೋಲೆ ಹೇಳಿತು. ಅದು ನ್ಯಾಯವೇ, ಆ ನ್ಯಾಯ ಕಚೇರಿಯ ಗೇಟಿನ ಬಳಿಯೇ ನಿಂತಿತು ಎಂಬುದು ನನ್ನ ಆಕ್ಷೇಪ.

ಅದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. 1948ರ ಕಾಯಿದೆ 'ಋತುಮಾನದ ಕಾರ್ಖಾನೆ'ಗಳನ್ನು ಹೊರಗಿಟ್ಟಿತು. ಯಾವುವು ಅವು? ಹತ್ತಿ ಬಿಡಿಸುವುದು, ಹತ್ತಿ ಅಂಡಿಗೆ ಕಟ್ಟುವುದು, ಶೇಂಗಾ ಸುಲಿಯುವುದು, ಸಕ್ಕರೆ ಮತ್ತು ಬೆಲ್ಲ ಮಾಡುವುದು, ಮುಂತಾಗಿ. ಬಳ್ಳಾರಿ ಸೀಮೆಯ ಕಸುಬುಗಳ ಪಟ್ಟಿಯನ್ನೇ ಯಾರೋ ಬರೆದುಕೊಟ್ಟಂತಿದೆ! ಹಂಗಾಮಿನಲ್ಲಿ ಮಾತ್ರ ಕೆಲಸವಿರುವವನ ಹಾಜರಿಯನ್ನು ಲೆಕ್ಕಹಾಕುವುದು ಕಷ್ಟವೆಂದು ಕಾಯಿದೆ ಮಾಡಿದವರಿಗೆ ತೋರಿರಬಹುದು. ಫಲವೇನೆಂದರೆ, ಅಕ್ಕಿ ಗಿರಣಿಯವನಿಗೆ ಅರ್ಜಿಯಾದರೂ ಉಂಟು. ಜಿನ್ನಿನಲ್ಲಿ ಹತ್ತಿಯ ಧೂಳು ಕುಡಿಯುವವಳಿಗೆ ಅದೂ ಇಲ್ಲ. ಕಬ್ಬು ಕಡಿಯುವವರ, ಬತ್ತ ನಾಟಿ ಮಾಡುವವರ ಮಾತಂತೂ ಈ ಕಾಯಿದೆಯಲ್ಲಿ ಏಳುವುದೇ ಇಲ್ಲ. ನರೇಗಾದಲ್ಲಿ 2020ರಲ್ಲಿ ದಿನಕ್ಕೆ 275 ರೂಪಾಯಿ ಸಿಗುತ್ತಿತ್ತು, ಆದರೆ ಕೆಲಸ ಮಾಡಿದ ದಿನಕ್ಕೆ.

1948ರ ಕಾಯಿದೆಯ ಜಾಗಕ್ಕೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಯಾಯಿತು. ಹತ್ತು ಮಂದಿಯ ನಿಯಮ ಅದರಲ್ಲೂ ಇದೆ. ಋತುಮಾನದ ಕಾರ್ಖಾನೆ ಅದರಲ್ಲೂ ಹೊರಗೇ. ಅಕ್ಕಿ ಗಿರಣಿಯಲ್ಲಿ, ಅಂಗಡಿಯಲ್ಲಿ, ಹೋಟೆಲಿನಲ್ಲಿ ದುಡಿಯುವ ಕೇಳುಗರು ಮುಂದಿನ ಸಂಬಳದ ದಿನ ಎರಡು ವಿಷಯ ವಿಚಾರಿಸಲಿ: ತಮ್ಮ ಹೆಸರಿನಲ್ಲಿ ವಿಮಾ ಸಂಖ್ಯೆ ಇದೆಯೇ, ಸಂಬಳದಲ್ಲಿ ಹಿಡಿದ ವಂತಿಗೆ ಆ ಸಂಖ್ಯೆಗೆ ಜಮೆಯಾಗಿದೆಯೇ. ಜ್ವರ ಬಂದ ಮೇಲೆ ಕೇಳಿದರೆ ಹಿಂದಿನ ಆರು ತಿಂಗಳ ಹಾಜರಿಯನ್ನು ಹೊಸದಾಗಿ ಬರೆಸಲು ಬರುವುದಿಲ್ಲ.