ಬೇಗ ಓದಲು ಕಲಿತ ಮಗುವಿಗೆ ಮಾಂಟೆಸ್ಸರಿ ಸರಿಹೋಗುತ್ತಾ?

ನಾಲ್ಕು ವರ್ಷಕ್ಕೇ ಅಂಗಡಿ ಬೋರ್ಡು ಓದುವ ಮಗುವನ್ನ ಮಾಂಟೆಸ್ಸರಿಗೆ ಸೇರಿಸಬಹುದಾ? ಖಂಡಿತ. ಆದರೆ ತರಗತಿ ನೋಡಿಯೇ ಸೇರಿಸಿ.

1907ರಲ್ಲಿ ರೋಮ್‌ನ ಬಡವರ ಕೇರಿ ಸ್ಯಾನ್ ಲೊರೆಂಜೋದಲ್ಲಿ ಮರಿಯಾ ಮಾಂಟೆಸ್ಸರಿ ಮೊದಲ 'ಮಕ್ಕಳ ಮನೆ' ತೆರೆದದ್ದು ಜಾಣ ಮಕ್ಕಳಿಗೆಂದೇ ಅಲ್ಲ. ಆದರೂ ಈ ಪದ್ಧತಿ ಅವರಿಗೆ ಒಗ್ಗುತ್ತೆ. ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿ. ಬಿಡಿ ಮಣಿ, ಹತ್ತರ ಸರ, ನೂರರ ಚೌಕ, ಸಾವಿರದ ಘನ: ಎಲ್ಲವನ್ನೂ ಕೈಯಲ್ಲಿ ಹಿಡಿದೇ ಪುಟ್ಟ ಮಗು ಸಾವಿರದ ಲೆಕ್ಕ ಕೂಡಿಸುತ್ತೆ. ಇಡೀ ತರಗತಿ ಕಲಿಯೋವರೆಗೆ ಕಾಯಬೇಕಿಲ್ಲ. ನನಗಂತೂ ಇದೇ ದೊಡ್ಡ ವರ.

ತೊಡಕೂ ಇದೆ. ಮಾಂಟೆಸ್ಸರಿ ಅಂತ ಬೋರ್ಡು ಯಾರು ಬೇಕಾದರೂ ಹಾಕಬಹುದು. "ಅದು ಮುಂದಿನ ವರ್ಷದ್ದು, ಮುಟ್ಟಬೇಡ" ಅನ್ನೋ ಕಡೆ ಮಗು ಮಂಕಾಗುತ್ತೆ. ಅದಕ್ಕೇ ಸೇರಿಸೋ ಮುಂಚೆ ಒಂದು ಬೆಳಗ್ಗೆ ತರಗತಿಯಲ್ಲಿ ಕೂತು ನೋಡಿ. ಕೆಲಸ ಬೇಗ ಮುಗಿಸಿದ ಮಗುವಿಗೆ ಟೀಚರ್ ಮುಂದೇನು ಕೊಡ್ತಾರೆ ಅಂತ ಕೇಳಿ.