ಚೋಮ ಎತ್ತು ಯಾಕೆ ಮಾರಲಿಲ್ಲ ಅಣ್ಣ?

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದೆ. ರಜೆಯಲ್ಲಿ ಓದಿ ಮುಗಿಸಬೇಕೆಂದು ಬ್ಯಾಗಿನಲ್ಲಿಟ್ಟುಕೊಂಡಿದ್ದ ಆ್ಯಪ್ಟಿಟ್ಯೂಡ್ ಪುಸ್ತಕ ಹಾಗೇ ವಾಪಸ್ ಬಂತು. ಕಾರಣ ನಮ್ಮೂರ ಪಂಚಾಯಿತಿ ಗ್ರಂಥಾಲಯದ ಅಕ್ಕ. ‘ಬಿಇ ಓದ್ತಿದ್ದೀಯ, ದಿನಾ ಸಂಜೆ ಒಂದ್ ತಾಸು ಮಕ್ಕಳಿಗೆ ಏನಾದ್ರೂ ಹೇಳ್ಕೊಡು’ ಅಂದರು. ಅವರ ಮನಸ್ಸಿನಲ್ಲಿದ್ದದ್ದು ಗಣಿತ. ನಾನು ಕಪಾಟಿನಿಂದ ತೆಗೆದದ್ದು ಶಿವರಾಮ ಕಾರಂತರ ‘ಚೋಮನ ದುಡಿ’. ದೊಡ್ಡ ಯೋಚನೆಯೇನೂ ಇರಲಿಲ್ಲ, ಪುಸ್ತಕ ತೆಳ್ಳಗಿತ್ತು.

ಎಂಟನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗಿನ ಹನ್ನೊಂದು ಮಕ್ಕಳು, ಒಂದೇ ಪ್ರತಿ. ಸರದಿಯಂತೆ ಗಟ್ಟಿಯಾಗಿ ಓದುವುದು ಎಂದಾಯಿತು. ಮೊದಲ ದಿನ ಹತ್ತು ಪುಟ ಓದಿಸಿ, ನನ್ನ ಮೇಷ್ಟ್ರು ನನಗೆ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದೆ: ‘ಈ ಕಾದಂಬರಿಯ ಆಶಯ ಏನು?’ ಹತ್ತನೇ ಕ್ಲಾಸಿನ ಹುಡುಗಿ ಎದ್ದು ನಿಂತು, ‘ಅಸ್ಪೃಶ್ಯತೆ ಒಂದು ಸಾಮಾಜಿಕ ಪಿಡುಗು’ ಎಂದು ಒಂದೇ ಉಸಿರಿಗೆ ಹೇಳಿ ಕೂತಳು. ಉತ್ತರ ಸರಿಯಾಗಿತ್ತು. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ. ಆದರೆ ಅದನ್ನು ಹೇಳಲು ಆಕೆ ಪುಸ್ತಕ ತೆರೆಯುವ ಅಗತ್ಯವೇ ಇರಲಿಲ್ಲ.

ಮರುದಿನದಿಂದ ನಾನು ಪ್ರಶ್ನೆ ಕೇಳುವುದನ್ನು ಬಿಟ್ಟೆ. ಓದುವಾಗ ಎಲ್ಲಿ ತಲೆ ಕೆಡುತ್ತದೋ ಅಲ್ಲಿ ಕೈ ಎತ್ತಿ ಅಂದೆ. ಮೊದಲು ಎದ್ದದ್ದು ‘ದುಡಿ ಅಂದ್ರೆ ಹಲಗೇನಾ ಅಣ್ಣ?’ ಎಂಬ ಪ್ರಶ್ನೆ. ಕೇಳಿದವನು ಒಂಬತ್ತನೇ ಕ್ಲಾಸಿನ ಹುಡುಗ. ಅವನ ಅಜ್ಜ ನಮ್ಮೂರ ಜಾತ್ರೆಯಲ್ಲಿ ಹಲಗೆ ಬಾರಿಸುತ್ತಾನೆ. ದಕ್ಷಿಣ ಕನ್ನಡದ ವಾದ್ಯ ನನಗೂ ಸರಿಯಾಗಿ ಗೊತ್ತಿರಲಿಲ್ಲ. 1975ರಲ್ಲಿ ಬಿ.ವಿ. ಕಾರಂತರು ಮಾಡಿದ ಸಿನಿಮಾದ ತುಣುಕನ್ನು ಮೊಬೈಲಿನಲ್ಲಿ ಹಾಕಿ ಸದ್ದು ಕೇಳಿಸಿದೆ. ಅದಕ್ಕೆ ಸ್ವರ್ಣ ಕಮಲ ಬಂದಿತ್ತು ಅಂದರೆ ಮಕ್ಕಳಿಗೆ ಏನೂ ಅನ್ನಿಸಲಿಲ್ಲ. ಆ ಹುಡುಗ ಮಾತ್ರ ಬೆಂಚಿನ ಮೇಲೆ ಬೆರಳಿನಲ್ಲಿ ಅದೇ ಲಯ ಹಿಡಿಯಲು ನೋಡುತ್ತಿದ್ದ.

ಎರಡನೆಯದು ಎಂಟನೇ ಕ್ಲಾಸಿನ ಹುಡುಗಿಯ ಪ್ರಶ್ನೆ. ‘ಸಾಲ ಇದೆ, ಊಟಕ್ಕಿಲ್ಲ. ಚೋಮ ಎತ್ತು ಯಾಕೆ ಮಾರಲಿಲ್ಲ ಅಣ್ಣ?’

ಈ ಒಂದು ಪ್ರಶ್ನೆಗೆ ಮೂರು ಸಂಜೆ ಹೋದವು. ಹೆಡ್ಡ, ಅದಕ್ಕೇ ಅಂದ ಒಬ್ಬ. ಎತ್ತು ಮಾರಿದರೆ ಬೇಸಾಯದ ಆಸೆಯನ್ನೇ ಮಾರಿದ ಹಾಗೆ ಅಂದಳು ಇನ್ನೊಬ್ಬಳು. ‘ನಮ್ಮಪ್ಪ ಸಾಲಕ್ಕೆ ಎಮ್ಮೆ ಮಾರಿದ. ಆಮೇಲೆ ಒಂದು ವಾರ ಕೊಟ್ಟಿಗೆ ಕಡೆ ಹೋಗ್ಲೇ ಇಲ್ಲ’ ಎಂದ ಹಿಂದಿನ ಬೆಂಚಿನವನು. ಅಲ್ಲಿಯವರೆಗೆ ಅವನು ಬಾಯಿ ಬಿಟ್ಟಿರಲಿಲ್ಲ. ಒಡೆಯ ಸಂಕಪ್ಪಯ್ಯ ಕೆಟ್ಟವನೋ ಒಳ್ಳೆಯವನೋ ಎಂದು ಜಗಳವೇ ಆಯಿತು. ಅವನಿಗೆ ಚೋಮನ ಮೇಲೆ ಕನಿಕರವಿದೆ, ಆದರೆ ತಾಯಿ ಅಡ್ಡ ನಿಂತಾಗ ಸುಮ್ಮನಾಗುತ್ತಾನೆ. ‘ಹಂಗಾರೆ ಕನಿಕರ ಇದ್ದು ಏನು ಬಂತು?’ ಎಂಬ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ.

ಹತ್ತನೇ ಕ್ಲಾಸಿನವಳು ಪಠ್ಯ ನೆನಪಿಸಿಕೊಂಡು, ‘ಉಳುವವನೇ ಭೂಮಿಯ ಒಡೆಯ ಅಂತ ಕಾನೂನು ಬಂತಲ್ಲ, ಅಲ್ಲಿವರೆಗೆ ಬದುಕಿದ್ರೆ ಚೋಮನಿಗೆ ಹೊಲ ಸಿಗ್ತಿತ್ತಾ?’ ಎಂದು ಕೇಳಿದಳು. ಕಾದಂಬರಿ ಬಂದದ್ದು 1933ರಲ್ಲಿ. ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಸಿಗುತ್ತಿತ್ತು ಎಂದು ಹೇಳಲು ಹೊರಟವನು ತಡೆದು ನಿಂತೆ. ಆ ಕಾನೂನಿನಲ್ಲಿ ಜಮೀನು ದಕ್ಕಿದ್ದು ಗೇಣಿದಾರರಿಗೆ. ಚೋಮ ಗೇಣಿದಾರನಲ್ಲ, ಒಡೆಯನ ಆಳು. ಅವನು ಗೇಣಿಗೆ ಕೊಡಿ ಎಂದು ಅಂಗಲಾಚಿದ್ದೇ ಹೊರತು ಅವನಿಗೆ ಅದು ಸಿಗಲೇ ಇಲ್ಲ. ಉಳುವ ಅವಕಾಶವೇ ಇಲ್ಲದವನು ‘ಉಳುವವನು’ ಆಗುವುದು ಹೇಗೆ? ಇದು ನನಗೆ ಹೊಳೆದದ್ದೂ ಅವತ್ತೇ. ನಾನು ಪಿಯುಸಿಯಲ್ಲಿ ಈ ಪುಸ್ತಕ ಒಮ್ಮೆ ಓದಿ ಮುಗಿಸಿದ್ದವನು.

ಬೆಳ್ಳಿಯ ಭಾಗ ಬಂದಾಗ ನನಗೆ ಹೆದರಿಕೆಯಾಯಿತು. ಎಂಟನೇ ಕ್ಲಾಸಿನವರ ಮುಂದೆ ಇದನ್ನು ಹೇಗೆ ಓದಿಸುವುದು? ಎರಡು ಪುಟ ಹಾರಿಸಿದೆ. ಹುಡುಗಿಯರು ಆಗಲೇ ಮನೆಗೆ ಒಯ್ದು ಓದಿಬಿಟ್ಟಿದ್ದರು! ‘ಮನ್ವೇಲನ್ನ ಬಿಟ್ಟು ಬೆಳ್ಳಿನ ಯಾಕೆ ಹೊಡೆದು ಓಡಿಸ್ತಾನೆ? ಮನೆ ನಡೆಸಿದ್ದು ಅವಳೇ ಅಲ್ವಾ?’ ಎಂದು ಕೇಳಿದವಳಿಗೆ ಹುಡುಗರಲ್ಲಿ ಯಾರೂ ಕಣ್ಣು ಕೊಡಲಿಲ್ಲ. ಅನ್ಯಾಯಕ್ಕೆ ಸಿಕ್ಕಿದವನೂ ಇನ್ನೊಬ್ಬರಿಗೆ ಅನ್ಯಾಯ ಮಾಡಬಲ್ಲ ಎಂಬುದನ್ನು ಕಾರಂತರು ಎಲ್ಲೂ ಭಾಷಣ ಮಾಡಿ ಹೇಳುವುದಿಲ್ಲ. ಆದರೆ ಆ ಹುಡುಗಿಯರು ಅದನ್ನು ಹಿಡಿದಿದ್ದರು.

ಆಮೇಲೆ ಹೊಳೆಯ ದೃಶ್ಯ. ಚೋಮನ ಕಿರಿಯ ಮಗ ನೀರಿನಲ್ಲಿ ಮುಳುಗುತ್ತಿರುವಾಗ ದಡದಲ್ಲಿದ್ದವರು ಮುಟ್ಟಬೇಕಾಗುತ್ತದೆಂದು ಇಳಿಯುವುದಿಲ್ಲ. ಓದುತ್ತಿದ್ದವಳ ದನಿ ನಡುಗಿತು. ಮುಗಿದ ಮೇಲೆ ಮುಂದಿನ ಸಾಲಿನ ಹುಡುಗನೊಬ್ಬ, ‘ಈಗ ಅದೆಲ್ಲ ಎಲ್ಲಿದೆ ಬಿಡಣ್ಣ’ ಅಂದ. ಹಲಗೆ ಅಜ್ಜನ ಮೊಮ್ಮಗ ತಿರುಗಿ ಅವನನ್ನೇ ನೋಡಿ ಕೇಳಿದ: ‘ನಮ್ಮನೇಗೆ ಬಂದು ನೀರು ಕುಡೀತೀಯಾ?’

ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಇಬ್ಬರೂ ಒಂದೇ ಬೆಂಚಿನವರು, ಒಂದೇ ಟೀಮಿನಲ್ಲಿ ಕಬಡ್ಡಿ ಆಡುವವರು. ಎಲ್ಲರೂ ನನ್ನ ಮುಖ ನೋಡಿದರು. ‘ನಾಳೆ ಮಾತಾಡೋಣ’ ಎಂದು ಪುಸ್ತಕ ಮುಚ್ಚಿಬಿಟ್ಟೆ. ಹೇಡಿತನ, ಇನ್ನೇನೂ ಅಲ್ಲ. ಯಾಕೆಂದರೆ ನಮ್ಮ ಮನೆಯ ಹಿತ್ತಿಲ ಗೂಡಿನಲ್ಲಿ, ಕೂಲಿಗೆ ಬರುವವರಿಗೆಂದೇ ಇಟ್ಟ ಒಂದು ಸ್ಟೀಲ್ ಲೋಟ ಇದೆ. ಆ ಹುಡುಗನ ಅಜ್ಜ ನಮ್ಮ ಕಣದ ಕೆಲಸಕ್ಕೆ ಬಂದಾಗ ಅದರಲ್ಲೇ ಟೀ ಕುಡಿಯುವುದು. ಚಿಕ್ಕಂದಿನಿಂದ ನೋಡಿದ್ದೇನೆ. ಅದನ್ನು ಕಂಡಿದ್ದೇನೆ ಎಂಬುದು ಮಾತ್ರ ಅವತ್ತು ಗೊತ್ತಾಯಿತು.

ರಾತ್ರಿ ಊಟಕ್ಕೆ ಕೂತಾಗ ಅವ್ವನ ಹತ್ತಿರ ಮಾತು ತೆಗೆದೆ. ‘ಅವರೇ ಕೇಳಲ್ಲ, ನಿಂದೇನು?’ ಎಂದಳು. ಅಪ್ಪ ಟೀವಿ ಸದ್ದು ಜಾಸ್ತಿ ಮಾಡಿದ. ಲೋಟ ಒಳಗೆ ಬಂತು ಎಂದು ಬರೆಯಲು ನನಗೂ ಆಸೆ. ಇಲ್ಲ, ಅಲ್ಲೇ ಇದೆ. ಜಗಳ ಇನ್ನೂ ಮುಗಿದಿಲ್ಲ.

ಮರುದಿನ ಮಕ್ಕಳಿಗೆ ಲೋಟದ ವಿಷಯ ಹೇಳಿದೆ. ಹೇಳುವಾಗ ಆ ಹುಡುಗನ ಮುಖ ನೋಡಲಾಗಲಿಲ್ಲ. ಅವನು, ‘ಗೊತ್ತಣ್ಣ’ ಎಂದಷ್ಟೇ ಅಂದ. ಸ್ವಲ್ಪ ಹೊತ್ತಿನ ಮೇಲೆ ಒಬ್ಬೊಬ್ಬರೇ ತಮ್ಮ ಮನೆಯದನ್ನು ಹೇಳತೊಡಗಿದರು. ಹೊಸಿಲು, ಹೋಟೆಲು, ಜಾತ್ರೆಯ ಪಂಕ್ತಿ. ಗೈಡಿನ ಮಾತು ಒಂದೂ ಬರಲಿಲ್ಲ. ‘ಎಲ್ಲಿದೆ ಬಿಡಣ್ಣ’ ಎಂದಿದ್ದ ಹುಡುಗ ಮಾತ್ರ ಏನೂ ಹೇಳದೆ ಕೂತಿದ್ದ. ಹೋಗುವಾಗ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋದರು. ಎಲ್ಲಿಯವರೆಗೆ ಒಟ್ಟಿಗೆ ಹೋದರೋ ನಾನು ಕೇಳಲಿಲ್ಲ.

ನಾನು ಕಾಲೇಜಿಗೆ ಹೊರಡುವ ಹಿಂದಿನ ಸಂಜೆ ಕೊನೆಯ ಪುಟ ಮುಗಿಯಿತು. ಚೋಮ ದುಡಿ ಬಾರಿಸುತ್ತಲೇ ಸಾಯುತ್ತಾನೆ. ಹಲಗೆ ಅಜ್ಜನ ಮೊಮ್ಮಗ ಪುಸ್ತಕ ಮನೆಗೆ ಒಯ್ದು ರಾತ್ರಿ ಅಜ್ಜನಿಗೆ ಓದಿ ಹೇಳಿದನಂತೆ. ಬೆಳಿಗ್ಗೆ ನಾನು ಬಸ್ಸಿಗೆ ಕಾಯುತ್ತಿದ್ದಾಗ ಓಡಿ ಬಂದ.

‘ಅಜ್ಜ ಪೂರ್ತಿ ಕೇಳಿದ ಅಣ್ಣ. ಎತ್ತಿನ ಗತಿ ಏನಾಯ್ತು ನೋಡು ಅಂತ ಮತ್ತೊಂದ್ ಸಲ ಓದಿಸಿದ.’